ಸದಾ ಸಿದ್ಧ, ಸದಾ ಸನ್ನದ್ಧ

‘ಈ ದಿನದಿಂದ ಮೂರು ತಿಂಗಳೊಳಗೆ ಶುದ್ಧ ಕ್ರಯಪತ್ರ ಬರೆದು ನೋಂದಾಯಿಸಿಕೊಡತಕ್ಕದ್ದು.’ ಸೈಟಿನ ಅಗ್ರಿಮೆಂಟಿನಲ್ಲಿ ಈ ಸಾಲು ಇರಲೇಬೇಕು. ಬರೆದವನು, ಸಹಿ ಹಾಕಿದವರು, ಸಾಕ್ಷಿಗಳು ಯಾರೂ ಇದನ್ನು ನಂಬುವುದಿಲ್ಲ. ಸ್ಥಿರಾಸ್ತಿಯ ಕರಾರಿನಲ್ಲಿ ಸಾಮಾನ್ಯವಾಗಿ ಕಾಲಮಿತಿಯೇ ಜೀವಾಳವಲ್ಲ ಎಂದು ಕೋರ್ಟೂ ಹೇಳುತ್ತದೆ. ಸರಿ, ನಿಧಾನವಾಗಿ ಹೋಗೋಣ ಎಂದು ಖರೀದಿದಾರ ಕೂತರೆ, ಪೇಟೆಯಲ್ಲಿ ಬೆಲೆ ಏರುತ್ತಿರುವಾಗ ಸುಮ್ಮನೆ ಕೂತಿದ್ದೇಕೆ ಎಂದು ಮಾರಾಟಗಾರನ ವಕೀಲರು 1997ರ ಸುಪ್ರೀಂ ಕೋರ್ಟ್ ತೀರ್ಪು ಮುಂದಿಡುತ್ತಾರೆ. ಕ್ರಯಪತ್ರ ಬರೆಸಿಕೊಡಿ ಎಂದು ದಾವೆ ಹೂಡಲು ಮೂರು ವರ್ಷ ಕಾಲಾವಕಾಶವಿದೆಯಲ್ಲ ಎಂದರೆ, ಇದೆ; ಆದರೆ ಅಷ್ಟನ್ನೂ ಬಳಸಿಕೊಂಡವನ ಮೇಲೆ ಅನುಮಾನವೂ ಇದೆ.

ಬೆಲೆ ಇಳಿದರೆ ಖರೀದಿದಾರನಿಗೆ ಬ್ಯಾಂಕ್ ಸಾಲ ಸಿಗುವುದಿಲ್ಲ. ಏರಿದರೆ ಮಾರಾಟಗಾರನಿಗೆ ಪಾಲು ಕೇಳುವ ತಂಗಿ ಸಿಗುತ್ತಾಳೆ.

ಆಮೇಲೆ ‘ಸದಾ ಸಿದ್ಧ, ಸದಾ ಸನ್ನದ್ಧ’ ಪ್ರದರ್ಶನ. ಇಂಥ ದಾವೆಗಳನ್ನು ಆಳುವ ನಿರ್ದಿಷ್ಟ ಪರಿಹಾರ ಕಾಯ್ದೆಯ (ಸ್ಪೆಸಿಫಿಕ್ ರಿಲೀಫ್ ಆ್ಯಕ್ಟ್) 16(ಸಿ) ಕಲಮಿನಂತೆ ಖರೀದಿದಾರ ಹಣವೂ ಇತ್ತು, ಮನಸ್ಸೂ ಇತ್ತು ಎಂದು ರುಜುವಾತು ಮಾಡಬೇಕು. ಕೋರ್ಟ್ ಹೇಳುವವರೆಗೆ ಹಣ ತಂದಿಡಬೇಕಿಲ್ಲ ಎಂದು ಅದೇ ಕಲಮಿನ ವಿವರಣೆ ಸಮಾಧಾನ ಹೇಳುತ್ತದೆ. ಪಾಟೀಸವಾಲಿಗೆ ನಿಂತ ವಕೀಲರು ಮಾತ್ರ ಮೊದಲು ಪಾಸ್‌ಬುಕ್ಕನ್ನೇ ಕೇಳುತ್ತಾರೆ. ಆದ್ದರಿಂದ ಬಲ್ಲವರು ರಿಜಿಸ್ಟರ್ಡ್ ನೋಟಿಸ್ ಕೊಟ್ಟು, ಅದರಲ್ಲಿ ಹೇಳಿದ ದಿನ ಡಿ.ಡಿ. ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಂಜೆಯವರೆಗೆ ಕೂತು, ಬಾರದವನಿಗಾಗಿ ಕಾದದ್ದಕ್ಕೆ ಪುರಾವೆ ಮಾಡಿಕೊಳ್ಳುತ್ತಾರೆ. ಈ ಸಿದ್ಧತೆ ಒಂದು ದಿನದ್ದಾದರೆ ಸಾಲದು, ತೀರ್ಪಿನವರೆಗೂ ಬಾಳಬೇಕು. ಮಗಳ ಮದುವೆಗೆ ಹಣ ತೆಗೆದವನು ಕೆಟ್ಟ.

ಇಷ್ಟಕ್ಕೂ ಅಗ್ರಿಮೆಂಟು ಟೈಪಾದದ್ದು ಕೋರ್ಟ್ ಎದುರಿನ ಡಿಟಿಪಿ ಅಂಗಡಿಯಲ್ಲಿ, ಇನ್ನಾರದೋ ಹಳೆಯ ಕರಾರಿನ ಮೇಲೆ. ಆ ಹಳೆಯದರಲ್ಲಿ ‘ಸ್ವತ್ತಿನ ಸ್ವಾಧೀನವನ್ನು ಈ ದಿನವೇ ಬಿಟ್ಟುಕೊಟ್ಟಿರುತ್ತೇನೆ’ ಎಂದಿತ್ತು, ಹೊಸದರಲ್ಲೂ ಉಳಿಯಿತು. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಕಟ್ಟದಿದ್ದರೆ ದಾಖಲೆಯನ್ನು ಸಾಕ್ಷ್ಯಕ್ಕೆ ತೆಗೆದುಕೊಳ್ಳುವ ಮುನ್ನ ಕೊರತೆಯ ಮೊತ್ತದ ಜೊತೆ ಅದರ ಹತ್ತು ಪಟ್ಟು ದಂಡ. 60 ಲಕ್ಷದ ಸೈಟಿಗೆ ಶೇ. 5ರಂತೆ 3 ಲಕ್ಷ ಶುಲ್ಕ, ದಂಡ 30 ಲಕ್ಷ. ಕೊಟ್ಟಿದ್ದ ಅಡ್ವಾನ್ಸ್ 10 ಲಕ್ಷ. ಟೈಪಿಸ್ಟ್ ಪುಟಕ್ಕಿಷ್ಟು ಎಂದು ತೆಗೆದುಕೊಂಡಿದ್ದ. ಕೋರ್ಟ್ ಶುಲ್ಕ ಬೇರೆ. ಅದು ಅಡ್ವಾನ್ಸಿನ ಮೇಲಲ್ಲ, ಪೂರ್ತಿ ಕ್ರಯದ ಮೊತ್ತದ ಮೇಲೆ.

ಆ ಅಡ್ವಾನ್ಸನ್ನು ನಗದಾಗಿ ಕೊಟ್ಟಿದ್ದರಂತೂ ಸಂಭ್ರಮ. ಬೆಂಗಳೂರಿನ ಸ್ವತ್ತೊಂದರ ಮೊಕದ್ದಮೆಯಲ್ಲಿ 75 ಲಕ್ಷ ನಗದು ಕೊಟ್ಟೆವೆಂಬ ವಾದ ಕೇಳಿದ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಒಂದು ಏರ್ಪಾಡು ಮಾಡಿತು: 2 ಲಕ್ಷ ಅಥವಾ ಹೆಚ್ಚು ನಗದು ಸಂದಾಯವಾಗಿದೆ ಎಂದು ದಾವೆಯಲ್ಲಿ ಹೇಳಿಕೊಂಡರೆ, ಕೋರ್ಟು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ಕೊಟ್ಟೆ ಎಂದರೆ ಇಲಾಖೆ, ಕೊಡಲಿಲ್ಲ ಎಂದರೆ ದಾವೆ ವಜಾ.

ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರ ತಿದ್ದುಪಡಿಯಲ್ಲಿ 20ಸಿ ಎಂಬ ಕಲಮು ಬಂತು. ಸಮನ್ಸ್ ಜಾರಿಯಾದ ದಿನದಿಂದ 12 ತಿಂಗಳಲ್ಲಿ ದಾವೆ ಮುಗಿಯಬೇಕು, ಕಾರಣ ಬರೆದರೆ ಇನ್ನು 6 ತಿಂಗಳು. ಎಣಿಕೆ ಶುರುವಾಗುವುದು ಸಮನ್ಸ್ ಜಾರಿಯಾದ ಮೇಲೆ ಎಂಬುದನ್ನು ಪ್ರತಿವಾದಿ ಮೊದಲು ಓದಿಕೊಂಡ. ‘ಮನೆ ಬೀಗ ಹಾಕಿದೆ’ ಎಂಬ ಷರಾ ಬರುತ್ತಿರುವಷ್ಟು ಕಾಲ ಕಾನೂನಿನ ಪ್ರಕಾರ ವಿಳಂಬವೇ ಆಗಿಲ್ಲ. ಬೀಗ ತೆಗೆದ ಮೇಲೆ ತಂಗಿಯ ಅರ್ಜಿ: ನನ್ನನ್ನೂ ಪ್ರತಿವಾದಿ ಮಾಡಿ.

ಕೊನೆಗೂ ಡಿಕ್ರಿಯಾಯಿತು ಎನ್ನಿ. ಹೇಳಿದ ಗಡುವಿನಲ್ಲಿ ಬಾಕಿ ಹಣ ಕಟ್ಟದಿದ್ದರೆ ಕರಾರನ್ನೇ ರದ್ದು ಮಾಡಿಸಲು ಮಾರಾಟಗಾರ ಅದೇ ಕಾಯ್ದೆಯ 28ನೇ ಕಲಮು ಹಿಡಿದು ಕಾಯುತ್ತಿರುತ್ತಾನೆ. ಕಟ್ಟಿದರೆ ಅಮಲ್ಜಾರಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಇನ್ನೊಂದು ಸುತ್ತು. ಅವನು ಸಹಿ ಹಾಕದಿದ್ದರೆ ಅವನ ಪರವಾಗಿ ಕೋರ್ಟೇ ಹಾಕುತ್ತದೆ. ಅದಕ್ಕೆ ಮೊದಲು ಕ್ರಯಪತ್ರದ ಕರಡನ್ನು ಅವನಿಗೆ ಕೊಟ್ಟು ತಕರಾರು ಕೇಳಬೇಕು. ತಕರಾರು ಬಂತು: ಪೂರ್ವ ದಿಕ್ಕಿನ ಚೆಕ್ಕುಬಂದಿ (ಗಡಿ ವಿವರ) ತಪ್ಪಾಗಿದೆ, ಪಕ್ಕದ ಸೈಟು ಈ ನಡುವೆ ಎರಡು ಸಲ ಮಾರಾಟವಾಗಿ ರಿಜಿಸ್ಟರೂ ಆಗಿದೆ.