ಇನ್ನೂರೈವತ್ತು ಗ್ರಾಂ ಒಳಗೇ ಇದೆ ಅಂಕಲ್

ನಿನ್ನೆ ರಾತ್ರಿ ಒಂಬತ್ತಕ್ಕೆ ಕರೆಂಟು ಹೋಯಿತು. ಕರೆಂಟು ಹೋದರೆ ನಮ್ಮ ಅವ್ವನಿಗೆ ಹಬ್ಬ. ಚಾಪೆ, ದಿಂಬು, ಒಂದು ಚೊಂಬು ನೀರು ಹಿಡಿದು ಟೆರೇಸಿಗೆ ಹೊರಟೇಬಿಡುತ್ತಾಳೆ. ಮೈಸೂರಿನ ಜೆ.ಪಿ. ನಗರದ ಈ ಬಾಡಿಗೆ ಮನೆಯಲ್ಲಿ ಅವಳಿಗೆ ಇಷ್ಟವಾದದ್ದು ಅದೊಂದೇ, ಮಲಗಿದಲ್ಲಿಂದಲೇ ಚಾಮುಂಡಿ ಬೆಟ್ಟದ ದೀಪ ಕಾಣುತ್ತದೆ. ನಾನು ಕೆಳಗೆ ಮೇಣದಬತ್ತಿ ಹುಡುಕುತ್ತಿದ್ದೆ. ಮೇಲಿನಿಂದ ಕೂಗಿದಳು.

“ಬಾರ್ಲಾ ಇಲ್ಲಿ. ಅದ್ಯಾವ್ದೋ ನಕ್ಷತ್ರ ಇಳ್ಕಂಡು ಬತ್ತಾ ಅದೆ.”

ಹೋಗಿ ನೋಡಿದರೆ ನಮ್ಮ ನೀರಿನ ಟ್ಯಾಂಕಿನಿಂದ ಎರಡಾಳೆತ್ತರದಲ್ಲಿ ಒಂದು ಕೆಂಪು ಚುಕ್ಕಿ, ಒಂದು ಹಸಿರು ಚುಕ್ಕಿ. ಯಾರದೋ ಮನೆಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿದ ಹಾಗೆ ಸದ್ದು. ಕರೆಂಟೇ ಇಲ್ಲ, ಮಿಕ್ಸಿ ಎಲ್ಲಿಂದ ಬರಬೇಕು? ಅವ್ವ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ನನಗೆ ರೇಗಿದ್ದು ಅದಕ್ಕೇ. ಎಪ್ಪತ್ನಾಲ್ಕು ವರ್ಷದ ಹೆಂಗಸು, ತನ್ನ ಮನೆ ಟೆರೇಸಿನಲ್ಲಿ, ಅದೂ ಕತ್ತಲಲ್ಲಿ, ಯಾರಿಗೆ ಅಂತ ಸೆರಗು ಸರಿಮಾಡಿಕೊಳ್ಳಬೇಕು?

ಕ್ಯಾಮೆರಾ ಇರುವ ಡ್ರೋನ್ ಅದು. ಯಾರದು ಅಂತ ಗೊತ್ತಾಗಲು ಇಪ್ಪತ್ತು ನಿಮಿಷ ಬೇಕಾಯಿತು. ಹಗಲಾದರೆ ಡ್ರೋನ್ ಎತ್ತ ಹೋಯಿತು, ಎಲ್ಲಿ ಇಳಿಯಿತು ಅಂತ ಕಣ್ಣಲ್ಲೇ ಹಿಂಬಾಲಿಸಬಹುದು. ರಾತ್ರಿ ಹಾರಿಸುವವನು ಅದರ ದೀಪ ಆರಿಸಿದರೆ ಮುಗೀತು. ಕೊನೆಗೆ ಸಿಕ್ಕವನು ಮೂರನೇ ಮನೆಯ ಹುಡುಗ. ಇಂಜಿನಿಯರಿಂಗ್ ಎರಡನೇ ವರ್ಷ. ಒಳ್ಳೆಯವನೇ, ನಮ್ಮ ವೈಫೈ ಕೈಕೊಟ್ಟಾಗೆಲ್ಲ ಬಂದು ಸರಿಮಾಡುವವನು. ಗೇಟಿನ ಹತ್ತಿರ ನಿಂತು ಒಂದೇ ಮಾತು ಹೇಳಿದ.

“ಇನ್ನೂರೈವತ್ತು ಗ್ರಾಂ ಒಳಗೇ ಇದೆ ಅಂಕಲ್. ಲೈಸೆನ್ಸ್ ಬೇಡ.”

ನಾನು ತೂಕ ಕೇಳಿದೆನಾ? ಈ ಹೊತ್ತಲ್ಲಿ ಯಾಕೆ ಹಾರಿಸ್ತೀಯಪ್ಪ ಅಂತ ಕೇಳಿದರೆ ತಕ್ಕಡಿ ಹಿಡಿದು ನಿಂತುಬಿಡುವುದಾ?

ಅವನು ಹೇಳಿದ್ದು ಸುಳ್ಳಲ್ಲ, ಅದೇ ತೊಂದರೆ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗಿನದು ನ್ಯಾನೋ. ಅದನ್ನು ಹಾರಿಸುವವನಿಗೆ ಪೈಲಟ್ ಲೈಸೆನ್ಸ್ ಬೇಡ. ಕಂಪನಿಗಳೂ ಕಿಲಾಡಿಗಳು, ತೂಗಿ ತೂಗಿ 249 ಗ್ರಾಂಗೇ ನಿಲ್ಲಿಸುತ್ತಾರೆ. ಆದರೆ ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಆಕಾಶವೆಲ್ಲ ನಿನ್ನದು ಅಂತ ಬರೆದುಕೊಟ್ಟಿಲ್ಲವಲ್ಲ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಅಂತ ವಲಯಗಳಿವೆ. ಹಸಿರಲ್ಲಿ ಅನುಮತಿ ಕೇಳದೆ ಹಾರಿಸಬಹುದು, ಉಳಿದೆರಡರಲ್ಲಿ ಕೇಳಲೇಬೇಕು. ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್ ಒಳಗೆ ಹಸಿರು ಸಿಗುವುದಿಲ್ಲ. 8ರಿಂದ 12 ಕಿಲೋಮೀಟರ್ ನಡುವೆ ಹಸಿರು ಇರುವುದು 200 ಅಡಿ ಎತ್ತರದವರೆಗೆ ಮಾತ್ರ. ಮಂಡಕಳ್ಳಿ ವಿಮಾನ ನಿಲ್ದಾಣ ನಮ್ಮ ಮನೆಯಿಂದ ಎಷ್ಟು ದೂರ? ನಂಜನಗೂಡು ರಸ್ತೆ ಹಿಡಿದರೆ ಒಂದು ಹಾಡು ಮುಗಿಯುವುದರೊಳಗೆ ಬರುತ್ತದೆ. “ಅಲ್ಲಿ ಇರೋದೇ ಎರಡು ಮೂರು ವಿಮಾನ ಅಂಕಲ್” ಅಂದ. ಸರಿಯಪ್ಪ, ಆ ಎರಡು ಮೂರರಲ್ಲೂ ಜನರೇ ಕೂತಿರುತ್ತಾರೆ. ನಿಯಮ ಮೀರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಅಂದೆ. ಆಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದ. ಅಂದಹಾಗೆ ಆ ಡ್ರೋನ್ ಹೋದ ವರ್ಷ ಅವನ ಭಾವ ದುಬೈನಿಂದ ಸೂಟ್‌ಕೇಸಿನಲ್ಲಿ ಬಟ್ಟೆ ನಡುವೆ ಇಟ್ಟು ತಂದದ್ದು. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ. ಅದನ್ನು ಎತ್ತಿದರೆ ಜಗಳ ಅವನ ಅಕ್ಕನವರೆಗೂ ಹೋಗುತ್ತದೆ ಅಂತ ಬಿಟ್ಟೆ.

ಇಷ್ಟೆಲ್ಲ ಹೇಳಿದ ಮೇಲೂ ಅವನು ಏನಂದ ಗೊತ್ತಾ? “ಆದ್ರೂ ನ್ಯಾನೋ ಅಲ್ವಾ ಅಂಕಲ್.”

ಲೋ, ಬಾದಾಮಿ ಮಾವಿನಹಣ್ಣೂ ಅಷ್ಟೇ ತೂಕ. ಅರವತ್ತು ಅಡಿ ಮೇಲಿಂದ ನಿನ್ನ ನೆತ್ತಿಗೆ ಬಿಡಲಾ? ಅದಕ್ಕೆ ತಿರುಗುವ ರೆಕ್ಕೆಗಳಾದರೂ ಇರುವುದಿಲ್ಲ.

ಡ್ರೋನ್ ದ್ವೇಷಿ ಅಂತ ನನಗೆ ಹಣೆಪಟ್ಟಿ ಕಟ್ಟಬೇಡಿ. ನನ್ನ ಫೋಟೋ ಸ್ಟುಡಿಯೋ ಇದ್ದ ಕಾಲದಲ್ಲಿ ನಾನು ಹಾರಿಸಿದಷ್ಟು ಮದುವೆ ನೀವು ಉಂಡಿರಲಿಕ್ಕಿಲ್ಲ. (ಮಂಡ್ಯ ಕಡೆಯವರ ಮುಂದೆ ಡ್ರೋನ್ ಅಂದರೆ ಯಾಕೆ ನಗು ಬರುತ್ತದೆ ಅಂತಲೂ ಗೊತ್ತು. ಕಾಮೆಂಟಿನಲ್ಲಿ ಆ ಜೋಕು ಬೇಡ, ಸಾಕಾಗಿದೆ.) ಕತ್ತಲಲ್ಲಿ ಆ ಯಂತ್ರಕ್ಕೆ ಏನಾಗುತ್ತದೆ ಅಂತ ನನಗೆ ಗೊತ್ತಿರುವುದರಿಂದಲೇ ಹೇಳುತ್ತಿದ್ದೇನೆ. ನೆಲ ನೋಡಿ ತನ್ನನ್ನು ತಾನು ನಿಲ್ಲಿಸಿಕೊಳ್ಳಲು ಅದರ ಹೊಟ್ಟೆಯ ಕೆಳಗೊಂದು ಕ್ಯಾಮೆರಾ ಇರುತ್ತದೆ. ಬೆಳಕಿಲ್ಲದಿದ್ದರೆ ಅದು ಕುರುಡು. ಎದುರಿನ ಅಡ್ಡಿ ಕಂಡುಹಿಡಿಯುವ ಕ್ಯಾಮೆರಾಗಳೂ ಅಷ್ಟೇ. ಕೈಯಲ್ಲಿರುವ ಪರದೆಯ ಮೇಲೆ ದೀಪ ಇರುವಲ್ಲಿ ಬೆಳ್ಳಗೆ, ಉಳಿದದ್ದೆಲ್ಲ ಕಪ್ಪು. ತಂತಿ ಅಂತೂ ಹಗಲಲ್ಲೇ ಕಾಣುವುದಿಲ್ಲ.

ಇದು ನನಗೆ ಗೊತ್ತಾದದ್ದು ಹೇಗೆ ಅಂತ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. 2019ರಲ್ಲಿ ಪಾಂಡವಪುರದ ಹತ್ತಿರ, ನಮ್ಮೂರ ಹಬ್ಬ. ಆಗ 2018ರ ಡಿಸೆಂಬರಿನಲ್ಲಿ ಜಾರಿಯಾದ ನಿಯಮ ನಡೆಯುತ್ತಿತ್ತು. ಹಗಲು ಹೊತ್ತು, ಕಣ್ಣಿಗೆ ಕಾಣುವಷ್ಟು ದೂರ, ಇದೇ ಅದರ ಮುಖ್ಯ ಮಾತು. ಓದಿಕೊಂಡಿದ್ದೆ. ಆದರೂ ರಾತ್ರಿ ತೇರಿನ ಬೀದಿಯ ಸೀರಿಯಲ್ ಸೆಟ್ಟು ಮೇಲಿಂದ ಚೆನ್ನಾಗಿ ಕಾಣುತ್ತೆ ಅಂತ ಎತ್ತಿದೆ. ಏಳುನೂರು ಗ್ರಾಂ ಮೇಲಿದ್ದ ಡ್ರೋನ್. ಕಂಬದಿಂದ ಯಾರದೋ ಮನೆಗೆ ಎಳೆದಿದ್ದ ಸರ್ವಿಸ್ ವೈರು ಪರದೆಯಲ್ಲಿ ಕಾಣಲಿಲ್ಲ. ಬಡಿಯಿತು. ಕೆಳಗೆ ಊಟದ ಪಂಕ್ತಿ. ಮುದ್ದೆ ಮುರಿಯುತ್ತಾ ಕೂತಿದ್ದ ಒಬ್ಬ ಹುಡುಗನ ಎಲೆಯ ತುದಿಗೆ ಬಿತ್ತು. ಸಾರು ಅವನ ಅಂಗಿಗೆಲ್ಲ ಸಿಡಿಯಿತು. ಅವನು ಅಳಲಿಲ್ಲ, ಅದನ್ನು ಮುಟ್ಟಲು ಕೈ ಚಾಚಿದ. ಒಂದು ರೆಕ್ಕೆ ಇನ್ನೂ ತಿರುಗುತ್ತಿತ್ತು. ಪಕ್ಕದವರು ಅವನ ಕೈ ಹಿಡಿದುಕೊಂಡರು. “ಬ್ಯಾಟರಿ ಕೈಕೊಡ್ತು” ಅಂತ ನಾನು ಎಲ್ಲರಿಗೂ ಸುಳ್ಳು ಹೇಳಿದೆ. ಎಲ್ಲರೂ ನಂಬಿದರು. ಆಮೇಲೆ ನಾನು ರಾತ್ರಿ ಎತ್ತಿಲ್ಲ. ಸ್ಟುಡಿಯೋ ಮುಚ್ಚಿದ್ದಕ್ಕೆ ಕೊರೋನ ಕಾರಣ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದೂ ನಿಜವೇ. ಆದರೆ ಡ್ರೋನ್ ಮಾರಿದ್ದು ಅದಕ್ಕಿಂತ ಮುಂಚೆ.

ಈಗ ಒಬ್ಬರಾದರೂ ದಸರೆ ವಿಷಯ ತೆಗೆಯುತ್ತೀರಿ. ಹುಡುಗನೂ ತೆಗೆದ. 2024ರಲ್ಲಿ ಬನ್ನಿಮಂಟಪದಲ್ಲಿ 1,500 ಡ್ರೋನ್ ರಾತ್ರಿಯೇ ಹಾರಲಿಲ್ಲವೇ? ಹಾರಿದವು. ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಅವು ಅನುಮತಿ ಪಡೆದು, ಮೊದಲೇ ಕಂಪ್ಯೂಟರಿನಲ್ಲಿ ಬರೆದಿಟ್ಟ ದಾರಿಯಲ್ಲಿ ಹಾರುವಂಥವು. ಅಲ್ಲಿ ಯಾರ ಅವ್ವನೂ ಚಾಪೆ ಹಾಸಿ ಮಲಗಿರಲಿಲ್ಲ. ಚಿರತೆ ಹುಡುಕಲು ಅರಣ್ಯ ಇಲಾಖೆಯವರು ಥರ್ಮಲ್ ಡ್ರೋನ್ ಬಿಡುತ್ತಾರಲ್ಲ ಅಂದ. ಬಿಡಲಿ. ನಮ್ಮ ಟೆರೇಸಿನಲ್ಲಿ ಚಿರತೆ ಇದ್ದರೆ ನೀನೂ ಬಿಡು.

ಅಮೆರಿಕದಲ್ಲಿ ರಾತ್ರಿ ಹಾರಿಸಬಹುದು ಅನ್ನುವುದು ಅವನ ಕೊನೆಯ ಬಾಣ. ಹೌದು, 2021ರಿಂದ ಅಲ್ಲಿನ ಲೈಸೆನ್ಸ್ ಇರುವ ಪೈಲಟ್‌ಗಳು ರಾತ್ರಿ ಹಾರಿಸಲು ಪ್ರತ್ಯೇಕ ವಿನಾಯಿತಿ ಕೇಳಬೇಕಾಗಿಲ್ಲ. ಆದರೆ ರಾತ್ರಿ ಹಾರಾಟದ ಬಗ್ಗೆ ಕಲಿತಿರಬೇಕು, 3 ಮೈಲಿ ದೂರಕ್ಕೆ ಕಾಣುವ ಮಿನುಗುವ ದೀಪ ಕಟ್ಟಿರಬೇಕು. 3 ಮೈಲಿ ಅಂದರೆ ಹೆಚ್ಚುಕಡಿಮೆ 5 ಕಿಲೋಮೀಟರ್. ಇವನದು ಮೂರನೇ ಮನೆಯಿಂದ ಬಂದದ್ದೇ ನಮಗೆ ಗೊತ್ತಾಗಲಿಲ್ಲ.

“ಹಾಗಾದ್ರೆ ಲಿಂಗಾಂಬುಧಿ ಕೆರೆ ಕಡೆ ಹೋಗ್ತೀನಿ” ಅಂದ. ಸಂಜೆಯಾದರೆ ಹಕ್ಕಿಗಳೆಲ್ಲ ಬಂದು ಕೂರುವ ಜಾಗಕ್ಕೆ! ತಲೆ ಚಚ್ಚಿಕೊಂಡೆ. ಹಗಲು ಹೊತ್ತು, ಊರಾಚೆ, ಹಸಿರು ವಲಯದ ಬಯಲಲ್ಲಿ ಹಾರಿಸು, ಬೇಕಾದರೆ ನಾನೇ ಬಂದು ಕಲಿಸುತ್ತೇನೆ ಅಂದೆ. “ಹಗಲಲ್ಲಿ ಏನಿದೆ ಅಂಕಲ್ ನೋಡೋಕೆ” ಅಂದ. ಬೆಟ್ಟದ ಲೈಟ್ ತೆಗೆಯಲು ಎತ್ತಿದ್ದಂತೆ. ನಮ್ಮ ಮನೆ ಕಡೆ ಕ್ಯಾಮೆರಾ ತಿರುಗಿಸಿಯೇ ಇಲ್ಲವಂತೆ. ದೇವರಾಣೆ ಬೇರೆ ಹಾಕಿದ.

ಇವತ್ತು ಸಂಜೆ ಅವನೇ ಮನೆಗೆ ಬಂದು “ಸಾರಿ ಅಜ್ಜಿ” ಅಂದ. ಅವ್ವ ಅಷ್ಟಕ್ಕೇ ಕರಗಿ ತಟ್ಟೆ ತುಂಬ ನಿಪ್ಪಟ್ಟು ಇಟ್ಟಳು. ನನಗೆ ಒಂದೂ ಕೊಡಲಿಲ್ಲ. ಕೂರಿಸಿಕೊಂಡು ಊರು, ಕೇರಿ, ಅವನ ಅಕ್ಕನ ಬಾಣಂತನ ಎಲ್ಲ ವಿಚಾರಿಸಿದಳು. ಆಮೇಲೆ ಕೇಳಿದಳು.

“ಟ್ಯಾಂಕ್ ಮುಚ್ಚಳ ಹಾಕೈತೋ ಇಲ್ವೋ ಅಂತ ದಿನಾ ಯೋಚ್ನೆ ನಂಗೆ. ಮೇಲಿಂದ ಅದೂ ಕಾಣ್ತದೇನ್ಲಾ ಮಗ?”

“ಹಾಕಿಲ್ಲ ಅಜ್ಜಿ” ಅಂದ ಅವನು, ನಿಪ್ಪಟ್ಟು ಕಡಿಯುತ್ತಾ. “ಪಕ್ಕಕ್ಕೆ ಸರಿದಿದೆ. ಪಾರಿವಾಳದ ಪುಕ್ಕವೂ ಬಿದ್ದಿದೆ ಒಳಗೆ.”

ಟಾರ್ಚ್ ಹಿಡಿದು ಏಣಿ ಹತ್ತಿ ನೋಡಿಕೊಂಡು ಬಂದೆ. ಎರಡು ಪುಕ್ಕ ಇತ್ತು.