ಬಿಸಿನೀರಿನ ದಾರಿಗೆ ಅಡ್ಡ ಕುಳಿತ ಗಾಳಿ

ಕೊಡಗಿನ ಜಡಿಮಳೆಯ ಕಕ್ಕಡ ತಿಂಗಳ ಒಂದು ಬೆಳಿಗ್ಗೆ ನಮ್ಮ ಒಳಬಚ್ಚಲಿನ ಬಿಸಿನೀರಿನ ನಲ್ಲಿ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ನೂಲಿನಷ್ಟು ನೀರು ಬಿಟ್ಟು, ಆಮೇಲೆ ಎಷ್ಟು ತಿರುಗಿಸಿದರೂ ಅದಕ್ಕಿಂತ ಹೆಚ್ಚು ಕೊಡಲು ಒಪ್ಪಲಿಲ್ಲ. ಮೈಗೆ ಸೋಪು ಹಚ್ಚಿಕೊಂಡು ನಿಂತವನಿಗೆ ಮಡಿಕೇರಿಯ ಮಳೆಗಾಲದ ತಣ್ಣೀರು ಎಂದರೇನು ಎಂಬುದನ್ನು ಅನುಭವಿಸಿದವರಿಗೆ ವಿವರಿಸಬೇಕಾಗಿಲ್ಲ.

ನಮ್ಮದು ಮಂಗಳೂರು ಹೆಂಚಿನ ಹಳೆಯ ಮನೆ. ಅಜ್ಜನ ಕಾಲದಲ್ಲಿ ಬಚ್ಚಲ ಒಲೆಯ ಮೇಲೆ ಹೂತ ಹಂಡೆಯಿತ್ತು. ಅಪ್ಪ ಅದನ್ನು ತೆಗೆಸಿ, ನಡುವೆ ಹೊಗೆಕೊಳವೆ ಹಾದುಹೋಗುವ ತಾಮ್ರದ ಸೌದೆ ಬಾಯ್ಲರನ್ನು ಹಿತ್ತಿಲ ಕಡೆಯ ಚಾವಡಿಯಲ್ಲಿ ನಿಲ್ಲಿಸಿದರು. ಗೀಸರ್ ಹಾಕಿಸಿಕೊಳ್ಳಿ ಎಂದು ಬೆಂಗಳೂರಿನ ನೆಂಟರು ಪ್ರತಿ ವರ್ಷವೂ ಬುದ್ಧಿ ಹೇಳುತ್ತಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದು, ನಮ್ಮಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ ಕುಳಿತಾಗ, ಮನೆ ಬಿಟ್ಟು ಬಂದ ಬಂಧುಗಳೆಲ್ಲರಿಗೂ ಸ್ನಾನಕ್ಕೆ ನೀರು ಕಾಯಿಸಿಕೊಟ್ಟದ್ದು ಈ ಬಾಯ್ಲರೇ. ಅಂದಿನಿಂದ ನಾನು ಆ ಸಲಹೆಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ.

ನೀರು ನಿಂತ ಸುದ್ದಿ ಹರಡುತ್ತಲೇ ಮನೆಯಲ್ಲಿ ವೈದ್ಯರು ಹುಟ್ಟಿಕೊಂಡರು. ಸೌದೆ ಹಸಿಯಾಗಿದೆ, ಅದಕ್ಕೇ ಎಂದು ಅಮ್ಮ ತೀರ್ಪಿತ್ತರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು: ಕಾಫಿ ಬುಡದ ಒಣಸೌದೆ ತೀರಿ, ನಾವು ಆ ವಾರ ಹಾಲುವಾಣದ ಕೊಂಬೆಗಳನ್ನು ಉರಿಸುತ್ತಿದ್ದೆವು, ಅದು ಒಲೆಯಲ್ಲಿ ಹೊಗೆಯನ್ನು ಕೊಟ್ಟಷ್ಟು ಧಾರಾಳವಾಗಿ ಶಾಖವನ್ನು ಕೊಡುವ ಮರವಲ್ಲ. ಆದರೆ ಹಸಿ ಸೌದೆಯಿಂದ ನೀರು ಬಿಸಿಯಾಗದಿರಬಹುದೇ ಹೊರತು ನೀರೇ ಬಾರದಿರುವುದಿಲ್ಲ. ಕೊಳವೆಯೊಳಗೆ ಕಿಲುಬು ಕಟ್ಟಿದೆ, ಎಲ್ಲವನ್ನೂ ಕಿತ್ತು ಹೊಸದು ಹಾಕಿಸು ಎಂದು ಭಾವ ಹೇಳಿದರು. ಭಾವನ ಪರಿಹಾರಗಳೆಲ್ಲ ಇನ್ನೊಬ್ಬರ ಖರ್ಚಿನಲ್ಲಿಯೇ ಇರುತ್ತವೆ.

ಮೇಸ್ತ್ರಿ ಬಂದವರು ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಒದ್ದೆ ಕೊಡೆಯನ್ನು ಮೂಲೆಗಿಟ್ಟು, ಅಡುಗೆಮನೆಯ ಬಿಸಿನೀರಿನ ನಲ್ಲಿಯನ್ನು ತಿರುಗಿಸಿದರು. ಅದು ಧಾರಾಳವಾಗಿ ಸುರಿಯಿತು. ಹಾಗಾದರೆ ಬಾಯ್ಲರ್ ನಿರಪರಾಧಿ, ಕೊಳವೆ ಕವಲೊಡೆದ ಮೇಲೆ ಎಲ್ಲೋ ತೊಂದರೆಯಿದೆ. ಅಂಗೈಯನ್ನು ಕೊಳವೆಯ ಮೇಲಿಟ್ಟುಕೊಂಡು, ಮೈಗೆ ಜ್ವರವಿದೆಯೇ ಎಂದು ನೋಡುವ ಅಜ್ಜಿಯಂತೆ ಗೋಡೆಯುದ್ದಕ್ಕೂ ಸರಿಯುತ್ತ ಹೋದವರು ಒಳಬಚ್ಚಲಿನ ಬಾಗಿಲ ಬಳಿ ನಿಂತರು. "ಇಲ್ಲಿಯವರೆಗೆ ಬಿಸಿ, ಇಲ್ಲಿಂದಾಚೆಗೆ ತಣ್ಣಗಿದೆ. ಈ ಕಮಾನನ್ನು ಯಾರು ಕಟ್ಟಿಸಿದ್ದು ಅಣ್ಣಾ?" ಎಂದರು.

ಕಟ್ಟಿಸಿದವನು ನಾನೇ. ಅಪ್ಪ ಕಡೆಯ ವರ್ಷಗಳಲ್ಲಿ ಗಾಲಿಕುರ್ಚಿಗೆ ಬಂದಾಗ, ಅದು ಒಳಗೆ ಹೋಗಲೆಂದು ಗೋಡೆಯನ್ನು ಒಡೆಸಿ ಅಗಲವಾದ ಬಾಗಿಲನ್ನಿರಿಸಿದ್ದೆ. ಅದುವರೆಗೆ ಆ ಗೋಡೆಯ ಮೇಲೆ ಸೊಂಟದೆತ್ತರದಲ್ಲಿ ನೆಟ್ಟಗೆ ಹೋಗುತ್ತಿದ್ದ ಕೊಳವೆಯನ್ನು ಬಾಗಿಲಿನ ಮೇಲಿನಿಂದ ಕಮಾನಿನಂತೆ ಹತ್ತಿಸಿ ಆಚೆ ಇಳಿಸಲಾಗಿತ್ತು.

ಮೇಸ್ತ್ರಿ ಇಟ್ಟಿಗೆಯ ಚೂರಿನಿಂದ ನೆಲದ ಮೇಲೆ ಗೀಟೆಳೆದು ತೋರಿಸಿದ ಲೆಕ್ಕ ಸರಳವಾಗಿತ್ತು. ಬಾಯ್ಲರಿಗೆ ನೀರುಣಿಸುವ ಅಟ್ಟದ ತೊಟ್ಟಿಯ ನೀರಿನ ಮಟ್ಟ ಬಚ್ಚಲಿನ ನಲ್ಲಿಗಿಂತ ಸುಮಾರು 6 ಅಡಿ ಮೇಲಿದೆ. ನೀರನ್ನು ತಳ್ಳುವ ಬಲವೆಂದರೆ ಈ 6 ಅಡಿಯೇ, ಬೇರೆ ಪಂಪಿಲ್ಲ. ಕಮಾನಿನಿಂದ ಇಳಿಯುವ ಕಡೆ ನಾಲ್ಕೂವರೆ ಅಡಿಯಷ್ಟು ಗಾಳಿ ಸಿಕ್ಕಿಕೊಂಡರೆ, ಗಾಳಿಗೆ ಹೇಳಿಕೊಳ್ಳುವಂಥ ಭಾರವಿಲ್ಲವಾದ್ದರಿಂದ ಹತ್ತುವಾಗ ನೀರು ತೆತ್ತ ಎತ್ತರ ಇಳಿಯುವಾಗ ಅದಕ್ಕೆ ಮರಳಿ ಸಿಗುವುದಿಲ್ಲ. ಉಳಿಯುವುದು ಒಂದೂವರೆ ಅಡಿಯ ನೂಕು ಮಾತ್ರ. ಅದಕ್ಕೇ ನೂಲಿನಂಥ ಧಾರೆ.

ಇಷ್ಟು ವರ್ಷ ಇಲ್ಲದ ಗಾಳಿ ಈಗ ಎಲ್ಲಿಂದ ಬಂತು ಎಂದು ಕೇಳಿದೆ. ಅವರು ಅಟ್ಟ ಹತ್ತಿ, ತೊಟ್ಟಿಗೆ ನೀರು ಬಿಡುವ ಬಾಲ್ ಕಾಕಿನ ಬಾಯಿಂದ ಕೊಳೆತ ಎಲೆಯೊಂದನ್ನು ಎಳೆದು ತಂದರು. ಬಾಣೆ, ಎಂದರೆ ನಮ್ಮ ಗುಡ್ಡದ ಜಾಗದ ಮೇಲಿನ ಟ್ಯಾಂಕಿಯಿಂದ ಬರುವ ನೀರಿನೊಂದಿಗೆ ಇಳಿದು ಬಂದ ಆ ಎಲೆ ತೊಟ್ಟಿಗೆ ನೀರು ಬಾರದಂತೆ ಮಾಡಿ, ತೊಟ್ಟಿ ಬರಿದಾಗಿ, ಕೊಳವೆಯೊಳಕ್ಕೆ ಗಾಳಿ ಸೇರಿ, ಮತ್ತೆ ಅಷ್ಟಿಷ್ಟು ನೀರು ಜಿನುಗಿ ತುಂಬಿದಾಗ ಗಾಳಿ ಕಮಾನಿನಾಚೆಯೇ ಉಳಿದುಬಿಟ್ಟಿತ್ತು. ಬಾಯ್ಲರಿನಿಂದ ಬಿಸಿನೀರು ಹೊರಡುವುದು ತಲೆಯ ಭಾಗದಿಂದಾದ್ದರಿಂದ ಅದು ಮಾತ್ರ ಖಾಲಿಯಾಗದೆ, ಒಣ ತಾಮ್ರ ಸುಟ್ಟುಹೋಗುವುದು ತಪ್ಪಿತು.

ಒಲೆಯ ಬೆಂಕಿಯನ್ನು ಆರಿಸಿ, ಬಚ್ಚಲಿನ ತಣ್ಣೀರಿನ ನಲ್ಲಿಗೂ ಬಿಸಿನೀರಿನ ನಲ್ಲಿಗೂ ಗಿಡಕ್ಕೆ ನೀರು ಬಿಡುವ ಪೈಪಿನ ತುಂಡನ್ನು ಸಿಕ್ಕಿಸಿ, ಎರಡನ್ನೂ ತೆರೆದರು. ತಣ್ಣೀರು ನೇರ ಬಾಣೆಯಿಂದ ಬರುವುದರಿಂದ ಅದರ ರಭಸ ಹೆಚ್ಚು. ಕೊಳವೆ ಗುಳುಗುಳು ಎಂದಿತು, ಗೋಡೆಯೊಳಗೆ ಯಾರೋ ಬಾಯಿ ಮುಕ್ಕಳಿಸಿದಂತಾಯಿತು. ಕಡೆಗೆ ಅಟ್ಟದ ಮೇಲೆ ಊರುಗೋಲಿನ ಹಿಡಿಯಂತೆ ಬಾಗಿರುವ, ಬಾಯ್ಲರಿನ ಏರ್ ಪೈಪಿನ ಬಾಯಿಂದ ತುಕ್ಕುಬಣ್ಣದ ನೀರು ತೊಟ್ಟಿಗೆ ಸುರಿಯಿತು.

ಈ ಏರ್ ಪೈಪಿನಿಂದ ಆಗಾಗ ಹನಿ ಬೀಳುತ್ತದೆಂದು ಹಿಂದೊಮ್ಮೆ ನಾನು ಅದರ ಬಾಯಿಗೆ ಬೆಣೆ ಬಡಿಯಲು ಹೊರಟಿದ್ದೆ. ಅದನ್ನು ಹೇಳಿದಾಗ ಮೇಸ್ತ್ರಿಯ ಮುಖ ಬದಲಾಯಿತು. ತಣ್ಣಗಿನ ನೀರು ಕುದಿಯುವ ಮಟ್ಟಕ್ಕೆ ಬರುವಷ್ಟರಲ್ಲಿ ನೂರಕ್ಕೆ ನಾಲ್ಕು ಪಾಲು ಹಿಗ್ಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿರುವ ನಮ್ಮೂರಲ್ಲಿ ಅದು ಕುದಿಯುವುದೂ 96 ಡಿಗ್ರಿಯ ಆಸುಪಾಸಿನಲ್ಲಿಯೇ. ಗೀಸರಿನ ಕರೆಂಟಿನಂತೆ ಸೌದೆಯ ಬೆಂಕಿ ತಾನಾಗಿ ಆರುವುದಿಲ್ಲ. ಹಿಗ್ಗಿದ ನೀರಿಗೂ ಆವಿಗೂ ಇರುವ ಬಾಗಿಲು ಆ ತೆರೆದ ಬಾಯಿ; ಅದನ್ನು ಮುಚ್ಚಿದರೆ ಬಾಯ್ಲರ್ ಬಾಂಬಾಗುತ್ತದೆ.

ಎಲೆ ಇನ್ನೊಮ್ಮೆ ಬಂದರೆ ಇದೇ ಕತೆಯಾದ್ದರಿಂದ, ಬಾಗಿಲನ್ನು ಮುಚ್ಚಿಸಿ ಕೊಳವೆಯನ್ನು ಹಳೆಯ ದಾರಿಗೇ ತರೋಣವೇ ಎಂದು ಮೇಸ್ತ್ರಿ ಕೇಳಿದರು. ಅಮ್ಮ ಬೇಡವೆಂದರು; ಕಾರಣವನ್ನು ಯಾರೂ ಕೇಳಲಿಲ್ಲ. ಕಮಾನಿನ ನೆತ್ತಿಗೆ ಅರ್ಧ ಇಂಚಿನ ಇನ್ನೊಂದು ಏರ್ ಪೈಪನ್ನು ಕೂಡಿಸಿ, ತೊಟ್ಟಿಯ ಮಟ್ಟಕ್ಕಿಂತ ಮೇಲೆ, ಹೆಂಚನ್ನು ಕೊರೆದು ಹೊರಗೆ ಬಿಟ್ಟೆವು. ಬಚ್ಚಲಿನಲ್ಲಿ ಈಗ ಬಿಸಿನೀರು ಭರ್ತಿ ಬರುತ್ತದೆ. ಕೊರೆದ ಹೆಂಚಿನ ಸಂದಿನಿಂದ ಮಳೆನೀರೂ ಬರುತ್ತದೆ. ಅದಕ್ಕೆ ಟಾರು ಹಚ್ಚಲು ಮಳೆ ಬಿಡಬೇಕು. ಕೈಲ್‌ಪೊಳ್ದ್ ಹಬ್ಬದವರೆಗೆ, ಎಂದರೆ ಸೆಪ್ಟೆಂಬರ್ ಬರುವವರೆಗೆ, ಬಾಗಿಲ ಬಳಿ ಒಂದು ಬಕೆಟ್ ಇರಲಿ ಎಂದು ಮೇಸ್ತ್ರಿ ಹೇಳಿ ಹೋಗಿದ್ದಾರೆ.