ಸ್ಪಷ್ಟನೆ: ‘ಬ್ರದರ್‌ಹುಡ್’ ಎರಡನೇ ಸೀಸನ್ ಅಲ್ಲ

‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ ಅದೇ ಹೆಸರಿನ 2003ರ ಅನಿಮೆಯ (ಜಪಾನಿ ಅನಿಮೇಷನ್ ಸರಣಿಯ) ಮುಂದುವರಿದ ಭಾಗ, ಹಳೆಯ 51 ಕಂತು ನೋಡದೆ ಅರ್ಥವಾಗದು ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು.

ಇವೆರಡಕ್ಕೂ ಮೂಲವಾದ ಹಿರೋಮು ಅರಕಾವಾ ಅವರ ಮಾಂಗಾ (ಜಪಾನಿ ಚಿತ್ರಕಥೆ) 2001ರಿಂದ 2010ರವರೆಗೆ ನಡೆಯಿತು, ಒಟ್ಟು 27 ಸಂಪುಟ. 2003ರಲ್ಲಿ ಕಥೆ ಅರ್ಧವೂ ಆಗಿರಲಿಲ್ಲ. ಹಾಗಾಗಿ ಬೋನ್ಸ್ ಸ್ಟುಡಿಯೊದ ಆ ಅನಿಮೆ ತನ್ನದೇ ದಾರಿ ಹಿಡಿದು ಮುಗಿಯಿತು. ಹೊಮುನ್ಕುಲಸ್‌ಗಳು, ಅಂದರೆ ಕಥೆಯ ಕೃತಕ ಮಾನವರು, ಹುಟ್ಟುವ ಬಗೆಯೇ ಅಲ್ಲಿ ಬೇರೆ. 2009ರ ಬ್ರದರ್‌ಹುಡ್ 64 ಕಂತುಗಳಲ್ಲಿ ಮೊದಲಿನಿಂದ ಹೇಳಿ, ಮಾಂಗಾದ ಅಂತ್ಯಕ್ಕೇ ತಲುಪುತ್ತದೆ.

ಆದರೆ ಅದರ ಆರಂಭ ತೀರಾ ಅವಸರದ್ದು. ಯೂಸ್‌ವೆಲ್ ಕಲ್ಲಿದ್ದಲು ಗಣಿಯ ಅಧ್ಯಾಯವನ್ನು ಬಿಟ್ಟಿರುವುದರಿಂದ, ಮುಂದೆ ಆ ಗಣಿಯ ಅಧಿಕಾರಿಯಾಗಿದ್ದ ಯೋಕಿ ಬಂದಾಗ ‘ಯಾರಿವನು?’ ಎನಿಸುತ್ತದೆ. ಮಾಂಗಾದ ಮೊದಲ ನಾಲ್ಕು ಸಂಪುಟ ಓದಿಕೊಂಡೇ ನೋಡಿ. ಚೌಕಟ್ಟುಗಳನ್ನು ಬಲದಿಂದ ಎಡಕ್ಕೆ ಓದಬೇಕು.